ಪದ್ಯದ ನಡೆಯೂ ಭಾವವೂ

ಪ್ರೌಢಶಾಲೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ತಪ್ಪದೆ ಬರುವ ಪ್ರಶ್ನೆಯೊಂದಿದೆ: ಈ ಸಾಲುಗಳಿಗೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ. ಲಘು ಗುರುಗಳ ಗುರುತು ಹಾಕಿ, ಮಾತ್ರೆ ಎಣಿಸಿ, ಹೆಸರು ಬರೆದರೆ ಅಂಕ ಬಂತು. ಅದೇ ಪತ್ರಿಕೆಯ ಇನ್ನೊಂದು ಕಡೆ ಪದ್ಯದ ಭಾವಾರ್ಥ ಬರೆಯಬೇಕು. ಅದಕ್ಕೆ ಬೇರೆ ಅಂಕ. ಎಣಿಸಿದ ಮಾತ್ರೆಗಳಿಗೂ ಬರೆದ ಭಾವಕ್ಕೂ ಏನು ನಂಟು ಎಂದು ಯಾರೂ ಕೇಳುವುದಿಲ್ಲ. ಛಂದಸ್ಸೆಂದರೆ ಲೆಕ್ಕ, ಭಾವವೆಂದರೆ ಸಾರಾಂಶ ಎಂಬ ಒಡಕು ಹೀಗೆ ನಮ್ಮ ಓದಿನಲ್ಲಿ ನಿಂತುಬಿಟ್ಟಿದೆ. ಸಾವಿರ ವರ್ಷಕ್ಕೂ ಮೀರಿ ಇಷ್ಟು ಬಗೆಯ ಛಂದಸ್ಸುಗಳಲ್ಲಿ ಬರೆದ, ಹಾಡಿದ ಭಾಷೆಗೆ ಇದು ಸಣ್ಣ ನಷ್ಟವಲ್ಲ. ಇಂಥ ಛಂದಸ್ಸಿಗೆ ಇಂಥದೇ ಭಾವ ಎಂಬ ಕಟ್ಟುಪಾಡು ಉಂಟೇ? ಇಲ್ಲವೆಂದಾದರೆ ಕವಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವುದೇಕೆ? ಈ ಪ್ರಶ್ನೆಗಳಿಗೆ ನಮ್ಮ ಪರಂಪರೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ.

ಕಟ್ಟುಪಾಡು ಉಂಟು ಎಂದು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವನು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಅವನ ‘ಸುವೃತ್ತತಿಲಕ’ ವೃತ್ತಗಳ ಲಕ್ಷಣ ಹೇಳಿ ಸುಮ್ಮನಾಗುವುದಿಲ್ಲ. ಯಾವ ಸಂದರ್ಭಕ್ಕೆ ಯಾವ ವೃತ್ತ ಒಪ್ಪುತ್ತದೆ ಎಂಬುದನ್ನೂ ಹೇಳುತ್ತದೆ. ಕತೆಯ ಆರಂಭಕ್ಕೆ ಅನುಷ್ಟುಪ್, ರಾಜನೀತಿಗೆ ವಂಶಸ್ಥ, ಆಕ್ಷೇಪಕ್ಕೂ ಕೋಪಕ್ಕೂ ಪೃಥ್ವಿ, ರಾಜರ ಶೌರ್ಯದ ಹೊಗಳಿಕೆಗೆ ಶಾರ್ದೂಲವಿಕ್ರೀಡಿತ, ಮಳೆಗಾಲಕ್ಕೂ ಅಗಲಿಕೆಗೂ ಮಂದಾಕ್ರಾಂತ. ಕೊನೆಯದಕ್ಕೆ ಕಾಳಿದಾಸನ ‘ಮೇಘದೂತ’ವೇ ಆಧಾರವೆನ್ನಬಹುದು, ಇಡೀ ಕಾವ್ಯ ಅದೊಂದೇ ವೃತ್ತದಲ್ಲಿದೆ. ಹದಿನೇಳು ಅಕ್ಷರಗಳ ಆ ಸಾಲು ನಾಲ್ಕು ಗುರುಗಳಿಂದ ಭಾರವಾಗಿ ಹೊರಟು ಅಲ್ಲಿ ನಿಲ್ಲುತ್ತದೆ. ಬಳಿಕ ಐದು ಲಘುಗಳು ಸರಸರನೆ ಓಡಿ ಒಂದು ಗುರುವಿನಲ್ಲಿ ಮತ್ತೆ ತಂಗುತ್ತವೆ. ಉಳಿದ ಏಳು ಅಕ್ಷರಗಳು ಏರಿಳಿಯುತ್ತ ಮುಗಿಯುತ್ತವೆ. ನಿಟ್ಟುಸಿರು, ಆತುರ, ಮತ್ತೆ ನಿಧಾನ: ವಿರಹಿಯ ಮನಸ್ಸಿನ ಚಲನೆಯೇ ಅಲ್ಲಿ ಕೇಳಿಸುತ್ತದೆ. ‘ಕುಮಾರಸಂಭವ’ದ ರತಿವಿಲಾಪಕ್ಕೂ ‘ರಘುವಂಶ’ದ ಅಜವಿಲಾಪಕ್ಕೂ ಕಾಳಿದಾಸ ವಿಯೋಗಿನಿಯೊಂದನ್ನೇ ಬಳಸಿದ್ದಾನೆ. ಇದು ಆಕಸ್ಮಿಕವಿರಲಾರದು.

ಆದರೂ ಕ್ಷೇಮೇಂದ್ರನ ಪಟ್ಟಿಯನ್ನು ನಿಯಮವೆಂದು ಹಿಡಿದರೆ ಕೆಡುತ್ತೇವೆ. ಅವನು ಗಮನಿಸಿದ್ದು ದೊಡ್ಡ ಕವಿಗಳ ಬಳಕೆಯನ್ನು. ಒಬ್ಬ ಮಹಾಕವಿ ಒಂದು ವೃತ್ತದಲ್ಲಿ ಒಂದು ಭಾವವನ್ನು ಅಷ್ಟು ಚೆನ್ನಾಗಿ ನಿಲ್ಲಿಸಿದರೆ, ಮುಂದಿನವರ ಕಿವಿಯಲ್ಲಿ ಆ ವೃತ್ತಕ್ಕೆ ಆ ಭಾವದ ನೆನಪು ಅಂಟಿಕೊಳ್ಳುತ್ತದೆ. ಅದು ವೃತ್ತದ ಹುಟ್ಟುಗುಣವಲ್ಲ, ಕಾವ್ಯಪರಂಪರೆ ಅದಕ್ಕೆ ಕೊಟ್ಟ ಸಂಸ್ಕಾರ. ಕನ್ನಡದ ಹಳೆಯ ಕವಿಗಳ ಕಡೆ ತಿರುಗಿದ ಕೂಡಲೇ ಈ ಮಾತು ಖಚಿತವಾಗುತ್ತದೆ.

ಸಂಸ್ಕೃತದಿಂದ ಬಂದ ನೂರಾರು ವೃತ್ತಗಳಲ್ಲಿ ಕನ್ನಡ ಕವಿಗಳು ಮನಸೋತು ಬಳಸಿದ್ದು ಮುಖ್ಯವಾಗಿ ಆರನ್ನು: ಉತ್ಪಲಮಾಲೆ, ಚಂಪಕಮಾಲೆ, ಶಾರ್ದೂಲವಿಕ್ರೀಡಿತ, ಮತ್ತೇಭವಿಕ್ರೀಡಿತ, ಸ್ರಗ್ಧರೆ, ಮಹಾಸ್ರಗ್ಧರೆ. ಇವಕ್ಕೆ ಖ್ಯಾತಕರ್ಣಾಟಕಗಳೆಂದೇ ಹೆಸರು. ಹೆಸರು ಆರಾದರೂ ನಿಜವಾಗಿ ಇವು ಮೂರು ಜೋಡಿ. ಉತ್ಪಲಮಾಲೆಯ ಮೊದಲ ಗುರುವನ್ನು ಒಡೆದು ಎರಡು ಲಘು ಮಾಡಿದರೆ ಚಂಪಕಮಾಲೆ. ಉಳಿದ ಸಾಲು ಅಕ್ಷರಶಃ ಅದೇ. ಶಾರ್ದೂಲದ ಮೊದಲ ಗುರುವನ್ನು ಒಡೆದರೆ ಮತ್ತೇಭ, ಸ್ರಗ್ಧರೆಯದನ್ನು ಒಡೆದರೆ ಮಹಾಸ್ರಗ್ಧರೆ. ವ್ಯತ್ಯಾಸ ಒಂದೇ ಅಕ್ಷರದ್ದು, ಅದೂ ಸಾಲಿನ ಹೊಸ್ತಿಲಲ್ಲಿ. ಆದರೆ ಗಟ್ಟಿಯಾಗಿ ಓದಿ ನೋಡಿ: ಶಾರ್ದೂಲ ಮೂರು ಗುರುಗಳನ್ನು ಊರಿ ಹೆಜ್ಜೆ ಇಟ್ಟರೆ ಮತ್ತೇಭ ಎರಡು ಲಘುಗಳಲ್ಲಿ ಚಿಮ್ಮಿ ಹೊರಡುತ್ತದೆ. ಎರಡು ಲಘುಗಳಿಂದ ತೊಡಗುವ ಮಾತುಗಳು ಕನ್ನಡದಲ್ಲಿ ಹೇರಳ. ಆದ್ದರಿಂದ ಈ ಒಡೆದ ರೂಪಗಳು ನಮ್ಮ ನಾಲಗೆಗೆ ಸಲೀಸಾಗಿ ಒದಗುತ್ತವೆ.

ಇದಕ್ಕಿಂತಲೂ ಮುಖ್ಯವಾದ ಸಂಗತಿ ಎಂದರೆ ಕನ್ನಡ ಕವಿಗಳು ಸಾಲಿನೊಳಗಿನ ನಿಲುಗಡೆಯಾದ ಯತಿಯನ್ನು ಬಹುಮಟ್ಟಿಗೆ ಕೈಬಿಟ್ಟದ್ದು. ಸಂಸ್ಕೃತದಲ್ಲಿ ವೃತ್ತದ ಭಾವ ಯತಿಸ್ಥಾನಗಳನ್ನು ಬಹಳ ಮಟ್ಟಿಗೆ ಅವಲಂಬಿಸಿರುತ್ತದೆ. ಮಂದಾಕ್ರಾಂತದ ನಿಟ್ಟುಸಿರು ನಾಲ್ಕನೆಯ ಅಕ್ಷರದ ಮೇಲಿನ ನಿಲುಗಡೆಯಿಂದಲೇ ಹುಟ್ಟುತ್ತದೆ. ಪಂಪ, ರನ್ನರು ಅಂಥ ನಿಲುಗಡೆಗಳ ಮೇಲೆ ಹಾದು ಹೋಗುತ್ತಾರೆ. ಅವರ ವಾಕ್ಯ ತನಗೆ ಬೇಕಾದಲ್ಲಿ ನಿಲ್ಲುತ್ತದೆ, ಬೇಕಾದಲ್ಲಿ ಸಾಲು ದಾಟುತ್ತದೆ. ಯತಿ ಬಿಟ್ಟ ಕಡೆ ಅವರು ಪ್ರಾಸವನ್ನು ಹಿಡಿದರು. ನಾಲ್ಕೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ನಿಯಮದಿಂದ ಸಾಲಿನ ಬಾಗಿಲಲ್ಲೇ ನಾದ ನಿಶ್ಚಯವಾಗುತ್ತದೆ. ಅನುಸ್ವಾರ ಸೇರಿದ ವೃಷಭಪ್ರಾಸ ಗುಂಯ್ಗುಡುತ್ತದೆ, ದೀರ್ಘದ ನಂತರ ಬರುವ ಗಜಪ್ರಾಸ ಸಾವಧಾನ ತರುತ್ತದೆ, ಹ್ರಸ್ವದ ನಂತರದ ಸಿಂಹಪ್ರಾಸ ಚುರುಕು. ಒಂದೇ ಚಂಪಕಮಾಲೆ ಪ್ರಾಸ ಬದಲಾದರೆ ಬೇರೆಯದೇ ಪದ್ಯವಾಗಿ ಕೇಳಿಸುವುದು ಇದರಿಂದ. ರನ್ನನ ‘ಗದಾಯುದ್ಧ’ದಲ್ಲಿ ಭೀಮನ ಕ್ರೋಧವೂ ದುರ್ಯೋಧನನ ಶೋಕವೂ ಇದೇ ಕೆಲವು ವೃತ್ತಗಳಲ್ಲಿ ಬರುತ್ತವೆ. ಸಾಲಿನ ಅಳತೆ ಅದೇ. ಬೇರೆಯಾದದ್ದು ವಾಕ್ಯದ ಉದ್ದ, ಒತ್ತಕ್ಷರಗಳ ಪ್ರಮಾಣ, ಸಂಬೋಧನೆ ಬೀಳುವ ಜಾಗ. ಪೃಥ್ವಿ ಕೋಪಕ್ಕೆ, ಶಾರ್ದೂಲ ಹೊಗಳಿಕೆಗೆ ಎಂಬ ಹಂಚಿಕೆ ಇಲ್ಲಿ ಏನನ್ನೂ ವಿವರಿಸುವುದಿಲ್ಲ.

ಚಂಪೂಕಾವ್ಯದ ಕಂದಪದ್ಯದ ಮೇಲೆ ನಮ್ಮ ವಿಮರ್ಶೆ ಇನ್ನೂ ಹೆಚ್ಚು ಕಾಲ ನಿಲ್ಲಬೇಕಿತ್ತು. ನಾಲ್ಕು ಮಾತ್ರೆಯ ಗಣಗಳು, ಸಣ್ಣ ಸಾಲಿಗೆ ಮೂರು, ದೊಡ್ಡ ಸಾಲಿಗೆ ಐದು. ಒಟ್ಟು ಅರವತ್ತನಾಲ್ಕು ಮಾತ್ರೆ. ವಿಷಮ ಗಣಗಳಲ್ಲಿ ಲಘು-ಗುರು-ಲಘುವಿನ ಜಗಣ ಬರಬಾರದು. ಆದರೆ ಪೂರ್ವಾರ್ಧ, ಉತ್ತರಾರ್ಧ ಎರಡರಲ್ಲೂ ಆರನೆಯ ಗಣ ಜಗಣವೋ ನಾಲ್ಕು ಲಘುವೋ ಆಗಲೇಬೇಕು. ಈ ನಿಯಮ ನೋಡಲು ಗಣಿತ, ಕೇಳಲು ಸಂಗೀತ. ಸಮವಾಗಿ ಸಾಗುತ್ತಿದ್ದ ನಡೆ ದೊಡ್ಡ ಸಾಲಿನ ನಡುವೆ ಒಮ್ಮೆ ತಟ್ಟನೆ ತಿರುಗಿ, ಸಾವರಿಸಿಕೊಂಡು ಗುರುವಿನಲ್ಲಿ ನಿಲ್ಲುತ್ತದೆ. ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ ಬಹುಪಾಲು ಕಂದದಲ್ಲೇ ಇದೆ. ಅಮೃತಮತಿ ಅಷ್ಟಾವಂಕನಿಗೆ ಮನಸೋಲುವ ಆ ಕತೆಯ ಭೀತಿಗೂ ಮರುಕಕ್ಕೂ ಈ ಚಿಕ್ಕ, ಬಿಗಿಯಾದ ಪದ್ಯ ಸರಿಯಾಗಿ ಒಪ್ಪಿತು. ಕವಿ ಒಂದು ಕ್ಷಣವನ್ನು ತೋರಿಸಿ ಮುಚ್ಚುತ್ತಾನೆ, ಮತ್ತೊಂದನ್ನು ತೆರೆಯುತ್ತಾನೆ. ವೃತ್ತಗಳ ವಿಸ್ತಾರದಲ್ಲಿ ಆ ಕತೆ ಅಷ್ಟು ಹರಿತವಾಗಿರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಛಂದಸ್ಸು ಇಲ್ಲಿ ಭಾವವನ್ನು ಹುಟ್ಟಿಸಲಿಲ್ಲ. ಭಾವ ಎಷ್ಟು ಹೊತ್ತು ಕಣ್ಣೆದುರು ಇರಬೇಕು ಎಂಬುದನ್ನು ನಿಶ್ಚಯಿಸಿತು.

ದೇಸಿ ಛಂದಸ್ಸಿನ ಸಾಕ್ಷ್ಯ ಇನ್ನೂ ಬಲವಾದದ್ದು. ತ್ರಿಪದಿಯನ್ನೇ ನೋಡಿ. ಹನ್ನೊಂದು ಅಂಶಗಣಗಳು, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಸುಮಾರು 700ರ ಕಾಲದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ಒಬ್ಬ ವೀರನ ಸ್ವಭಾವವನ್ನು ಕಲ್ಲಿನಷ್ಟೇ ಗಟ್ಟಿಯಾಗಿ ಹೇಳುತ್ತದೆ. ಸರ್ವಜ್ಞನ ಕೈಯಲ್ಲಿ ಅದೇ ಮೂರು ಸಾಲು ಬುದ್ಧಿ ಹೇಳುತ್ತದೆ, ಚುಚ್ಚುತ್ತದೆ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳ ಬಾಯಲ್ಲಿ ಅದೇ ತ್ರಿಪದಿ ತವರನ್ನು ನೆನೆದು ಕಣ್ಣೀರು ತರಿಸುತ್ತದೆ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಊರೂರಿನ ಹೆಂಗಸರಿಂದ ಈ ಹಾಡುಗಳನ್ನು ಕೇಳಿ ಬರೆದುಕೊಂಡು ‘ಗರತಿಯ ಹಾಡು’ ಎಂದು ಪ್ರಕಟಿಸದಿದ್ದರೆ, ತ್ರಿಪದಿಯೆಂದರೆ ನೀತಿ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲಿ ಉಳಿದುಬಿಡುತ್ತಿತ್ತು. ಮೂರು ಬಳಕೆಗೂ ಸಮಾನವಾದದ್ದು ರಚನೆಯ ಒಂದು ಗುಣ: ಎರಡನೆಯ ಸಾಲಿನಲ್ಲಿ ಸಣ್ಣದಾದ ಬ್ರಹ್ಮಗಣದಿಂದಾಗಿ ಒಂದು ತಡೆ, ಮೂರನೆಯ ಸಾಲು ಮೊಟಕಾಗಿ ಮುಗಿಯುವುದು. ಶಾಸನಕಾರ ಆ ಮೊಟಕಿನಲ್ಲಿ ತೀರ್ಪು ಇಟ್ಟ, ಸರ್ವಜ್ಞ ಮಾತಿನ ಮೊನೆ ಇಟ್ಟ, ಗರತಿ ನುಂಗಿಕೊಂಡ ದುಃಖ ಇಟ್ಟಳು.

ಸಾಂಗತ್ಯದ ಕತೆಯೂ ಹೀಗೆಯೇ. ಅದರಲ್ಲಿ ದೊಡ್ಡ ಸಾಲಿನ ಹಿಂದೆ ಚಿಕ್ಕ ಸಾಲು ಮೆತ್ತಗೆ ಇಳಿಯುತ್ತದೆ. ರತ್ನಾಕರವರ್ಣಿ ‘ಭರತೇಶ ವೈಭವ’ದಲ್ಲಿ ಭೋಗವನ್ನೂ ಯೋಗವನ್ನೂ ಆ ಇಳಿಜಾರಿನಲ್ಲಿ ಆರಾಮವಾಗಿ ಹರಿಸಿದ. ನಂಜುಂಡ ಕವಿ ಕುಮಾರರಾಮನ ವೀರಗಾಥೆಯನ್ನು ಹೇಳಿದ. ಚಿಕ್ಕದೇವರಾಜ ಒಡೆಯರ ಕಾಲದ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ದಲ್ಲಿ ಗೃಹಿಣಿಯ ನಡವಳಿಕೆಯನ್ನು ಉಪದೇಶಿಸುತ್ತ, ಹೆಣ್ಣೆಂದು ಹಳಿಯುವವರನ್ನು ನೇರವಾಗಿ ಪ್ರಶ್ನಿಸಿದಳು.

ಷಟ್ಪದಿಗೆ ಬಂದರೆ ಹೆಚ್ಚು ಹೊತ್ತು ನಿಲ್ಲಬೇಕು. ಈ ಇಡೀ ಪ್ರಶ್ನೆಯ ಹೃದಯ ಅಲ್ಲಿದೆ. ಆರು ಷಟ್ಪದಿಗಳೂ ಒಂದೇ ನಕ್ಷೆಯ ಮೇಲೆ ನಿಂತಿವೆ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಸಮ, ಮೂರು ಮತ್ತು ಆರನೆಯ ಸಾಲುಗಳು ಅದರ ಒಂದೂವರೆಯಷ್ಟು, ಕೊನೆಗೊಂದು ಗುರು. ಬೇರೆಯಾಗುವುದು ಗಣದ ನಡೆ ಮತ್ತು ಗಣಗಳ ಸಂಖ್ಯೆ ಮಾತ್ರ. ಭೋಗದ್ದು ಮೂರು ಮಾತ್ರೆಯ ನಡೆ, ಶರ ಮತ್ತು ಪರಿವರ್ಧಿನಿಯದು ನಾಲ್ಕು, ಕುಸುಮ ಮತ್ತು ವಾರ್ಧಕದ್ದು ಐದು, ಭಾಮಿನಿಯದು ಮೂರು ನಾಲ್ಕರ ಬೆರಕೆ. ರಾಘವಾಂಕ ‘ಹರಿಶ್ಚಂದ್ರ ಕಾವ್ಯ’ಕ್ಕೆ ವಾರ್ಧಕವನ್ನು ಆರಿಸಿದ. ಐದು ಮಾತ್ರೆಯ ಗಣ ನಾಲ್ಕು ಸಲ, ದೊಡ್ಡ ಸಾಲಿನಲ್ಲಿ ಆರು ಸಲ ಮತ್ತು ಗುರು. ಇಡೀ ಪದ್ಯ 144 ಮಾತ್ರೆ. ಅಷ್ಟು ಎಡೆ ಇದ್ದುದರಿಂದಲೇ ಅವನ ಪಾತ್ರಗಳು ವಾದ ಮಾಡಬಲ್ಲವು, ಪ್ರಶ್ನೆಗೆ ಪ್ರಶ್ನೆ ಎಸೆಯಬಲ್ಲವು. ಒಂದೇ ಪದ್ಯದಲ್ಲಿ ಇಬ್ಬರು ಮೂರು ಸಲ ಮಾತು ಮರುಮಾತು ಆಡಬಲ್ಲರು. ಅದೇ ವಾರ್ಧಕದಲ್ಲಿ ಲಕ್ಷ್ಮೀಶ ‘ಜೈಮಿನಿ ಭಾರತ’ವನ್ನು ಬರೆದಾಗ ಆ ಎಡೆಯನ್ನು ಇಂಪಿಗೆ, ಅನುಪ್ರಾಸಕ್ಕೆ, ವರ್ಣನೆಗೆ ಕೊಟ್ಟ. ಒಬ್ಬನಲ್ಲಿ ರಂಗಭೂಮಿ, ಇನ್ನೊಬ್ಬನಲ್ಲಿ ಉದ್ಯಾನ. ಛಂದಸ್ಸಿನ ಹೆಸರು ಎರಡಕ್ಕೂ ಒಂದೇ.

ಭಾಮಿನಿಯ ಲೆಕ್ಕ ಮೂರು-ನಾಲ್ಕು, ಮೂರು-ನಾಲ್ಕು. ದೊಡ್ಡ ಸಾಲಿನಲ್ಲಿ ಅದೇ ಜೋಡಿ ಮೂರು ಸಲ ಮತ್ತು ಒಂದು ಗುರು. ಒಟ್ಟು 102 ಮಾತ್ರೆ. ಏಳರ ಈ ನಡೆ ಎಂದೂ ಸಮತೂಕಕ್ಕೆ ಬರುವುದಿಲ್ಲ. ಒಂದು ಗಿಡ್ಡ ಹೆಜ್ಜೆ, ಒಂದು ನೀಳ ಹೆಜ್ಜೆ. ಆದ್ದರಿಂದ ಕತೆ ನಿಲ್ಲದೆ ಮುಂದೆ ಜಗ್ಗುತ್ತದೆ. ಕುಮಾರವ್ಯಾಸ ‘ಕರ್ಣಾಟ ಭಾರತ ಕಥಾಮಂಜರಿ’ಯ ಹತ್ತೂ ಪರ್ವಗಳನ್ನು ಈ ಒಂದೇ ನಡೆಯಲ್ಲಿ ಹೇಳಿದ. ಸಭೆಯಲ್ಲಿ ದ್ರೌಪದಿಯ ಮೊರೆ ಇದರಲ್ಲಿದೆ, ಉತ್ತರಕುಮಾರನ ಒಣಜಂಬ ಇದರಲ್ಲಿದೆ, ತನ್ನ ಹುಟ್ಟು ತಿಳಿದ ಕರ್ಣನ ಸಂಕಟ ಇದರಲ್ಲಿದೆ, ರಣರಂಗದ ಹೊಯ್ಲೂ ಇದರಲ್ಲಿದೆ. ಕ್ಷೇಮೇಂದ್ರ ಇದನ್ನು ಓದಿದ್ದರೆ ತನ್ನ ಪಟ್ಟಿಯನ್ನು ಪುನಃ ಬರೆಯಬೇಕಾಗುತ್ತಿತ್ತು.

ಕುಮಾರವ್ಯಾಸ ಇದನ್ನು ಹೇಗೆ ಸಾಧಿಸಿದ? ನನಗೆ ಕಾಣುವಂತೆ ಮೂರು ಹಿಡಿತಗಳಿಂದ. ವಾಕ್ಯವನ್ನು ಗಣದ ಗಡಿಗೆ ಹೊಂದಿಸುವುದು ಅಥವಾ ಹೊಂದಿಸದಿರುವುದು ಮೊದಲನೆಯದು. ಯುದ್ಧದ ಪದ್ಯಗಳಲ್ಲಿ ಕ್ರಿಯಾಪದಗಳು ಗಣದ ಆರಂಭಕ್ಕೇ ಬಡಿಯುತ್ತವೆ. ದುಃಖದ ಪದ್ಯಗಳಲ್ಲಿ ವಾಕ್ಯ ಗಣದ ನಡುವೆ ಮುರಿದು ಇನ್ನೊಂದು ವಾಕ್ಯ ಅಲ್ಲೇ ತೊಡಗುತ್ತದೆ. ಸಾಲಿನ ಕೊನೆಯಲ್ಲಿ ಪದವನ್ನು ಒಡೆದು ಮುಂದಿನ ಸಾಲಿಗೆ ದಾಟಿಸುವುದು ಎರಡನೆಯದು. ಇದರಿಂದ ಆರು ಸಾಲಿನ ಚೌಕಟ್ಟು ಕಿವಿಗೆ ಕೇಳಿಸಿಯೂ ಮಾತಿನ ಸಹಜತೆ ಕೆಡುವುದಿಲ್ಲ. ಮೂರನೆಯದು, ದೊಡ್ಡ ಸಾಲಿನ ಕೊನೆಯ ಗುರು. ಲೆಕ್ಕಕ್ಕೆ ಅದು ಎರಡು ಮಾತ್ರೆ, ಹಾಡುವಾಗ ಅದು ಅಷ್ಟಕ್ಕೆ ನಿಲ್ಲುವುದಿಲ್ಲ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿ ಅದನ್ನು ಎಳೆದು ಉಳಿದ ಕಾಲವನ್ನು ತುಂಬುತ್ತಾನೆ. ಪ್ರಶ್ನೆಯೋ ಕರೆಯೋ ಉದ್ಗಾರವೋ ಆ ಗುರುವಿನ ಮೇಲೆ ಬಂದು ಕೂತಾಗ ಭಾವಕ್ಕೆ ತಂಗಲು ಜಾಗ ಸಿಗುತ್ತದೆ. ಪ್ರಸ್ತಾರದಲ್ಲಿ ನಾವು ಅದಕ್ಕೊಂದು ಗೆರೆ ಎಳೆದು ಮುಂದೆ ಹೋಗುತ್ತೇವೆ. ಪದ್ಯದ ಅರ್ಧ ಜೀವ ಅಲ್ಲಿರುತ್ತದೆ.

ಗಮಕ ಕಲೆಯೇ ನನ್ನ ವಾದಕ್ಕೆ ಅತ್ಯುತ್ತಮ ಪುರಾವೆ. ಶಿವಮೊಗ್ಗದ ಬಳಿಯ ಮತ್ತೂರು-ಹೊಸಹಳ್ಳಿಗಳಲ್ಲಿ ಈ ಪರಂಪರೆ ಇಂದಿಗೂ ಗಟ್ಟಿಯಾಗಿದೆ, ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಗಮಕಿ ಒಂದೇ ಭಾಮಿನಿಯನ್ನು ಸನ್ನಿವೇಶ ಬದಲಾದ ಹಾಗೆ ಬೇರೆ ಬೇರೆ ರಾಗಗಳಲ್ಲಿ ವಾಚಿಸುತ್ತಾನೆ. ಯಕ್ಷಗಾನದ ಭಾಗವತರೂ ಭಾಮಿನಿ, ವಾರ್ಧಕ, ಕಂದಗಳನ್ನು ತಾಳವಿಲ್ಲದೆ, ಸಂದರ್ಭಕ್ಕೆ ತಕ್ಕ ರಾಗದಲ್ಲಿ ಹೇಳುತ್ತಾರೆ. ಛಂದಸ್ಸೇ ಭಾವವನ್ನು ಕಟ್ಟಿಕೊಟ್ಟಿದ್ದರೆ ರಾಗ ಬದಲಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಹಾಗೆಂದು ಯಾವ ರಾಗವಾದರೂ ನಡೆಯುತ್ತದೆ ಎಂದಲ್ಲ. ಪದ್ಯದೊಳಗಿನ ಮಾತಿನ ಏರಿಳಿತ ಗಮಕಿಗೆ ದಾರಿ ತೋರಿಸುತ್ತದೆ, ಅವನು ಅದನ್ನು ಕೇಳಿಸಿಕೊಳ್ಳಬೇಕು. ‘ಛಂದೋಗತಿ’ ಬರೆದ ಸೇಡಿಯಾಪು ಕೃಷ್ಣ ಭಟ್ಟರು ಗಣದ ಎಣಿಕೆಗಿಂತ ಗತಿಗೆ ಮಹತ್ವ ಕೊಟ್ಟದ್ದು ನಮ್ಮ ಛಂದಶ್ಶಾಸ್ತ್ರಕ್ಕೆ ದೊಡ್ಡ ತಿರುವು. ಪಠ್ಯಪುಸ್ತಕಗಳಿಗೆ ಅದು ಇನ್ನೂ ತಲುಪಿಲ್ಲ.

ಅಳತೆಯೇ ಇಲ್ಲದ ಕಡೆ ಭಾವ ಏನನ್ನು ಹಿಡಿದು ನಿಲ್ಲುತ್ತದೆ ಎಂಬುದಕ್ಕೆ ವಚನಗಳಿವೆ. ತಾಳಮೇಳಗಳ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಆದರೆ ವಚನಕ್ಕೆ ರೂಪವಿಲ್ಲವೇ? ಸರಿಸಮನಾದ ವಾಕ್ಯಗಳು ಒಂದರ ಮೇಲೊಂದು ಏರಿ, ಕೊನೆಗೆ ಅಂಕಿತದಲ್ಲಿ ಎಲ್ಲವೂ ದೇವರ ಕಡೆ ತಿರುಗುತ್ತದೆ. ಆ ತಿರುವಿನಲ್ಲಿ ಅಕ್ಕಮಹಾದೇವಿಯ ಹಂಬಲ ಒಂದು ಬಗೆ, ಅಲ್ಲಮನ ನಿಗೂಢ ಇನ್ನೊಂದು ಬಗೆ. ಇದೇ ಭಕ್ತಿಯನ್ನು ಹರಿಹರ ರಗಳೆಗೆ ತಂದ. ಪದ್ಯದಿಂದ ಪದ್ಯಕ್ಕೆ ಮುಗಿಯುವ ಕಟ್ಟು ರಗಳೆಯಲ್ಲಿಲ್ಲ. ಎರಡೆರಡು ಸಾಲು ಪ್ರಾಸ ಹಿಡಿದು ಹರಿಯುತ್ತಲೇ ಇರುತ್ತದೆ. ಉಕ್ಕುವ ಭಕ್ತಿಗೆ ಅದು ಹೇಳಿ ಮಾಡಿಸಿದ ರೂಪ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ತಲೆಕೆಳಗಾಯಿತು. ಅಲ್ಲಿಯವರೆಗೆ ರೂಪ ಮೊದಲು ಇತ್ತು, ಕವಿ ಅದರೊಳಗೆ ಭಾವವನ್ನು ನಡೆಸುತ್ತಿದ್ದ. ಇನ್ನು ಮುಂದೆ ಪ್ರತಿ ಭಾವವೂ ತನ್ನ ರೂಪವನ್ನು ತಾನೇ ಕಂಡುಕೊಳ್ಳಬೇಕೆಂಬ ಹಂಬಲ ಹುಟ್ಟಿತು. ಗೋವಿಂದ ಪೈಗಳು ಆದಿಪ್ರಾಸವನ್ನು ಬಿಟ್ಟರು. ಬಿ. ಎಂ. ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ನಮ್ಮ ಮೂರು, ನಾಲ್ಕು, ಐದು ಮಾತ್ರೆಗಳ ಹಳೆಯ ಗಣಗಳನ್ನೇ ಷಟ್ಪದಿ, ರಗಳೆಗಳ ಚೌಕಟ್ಟಿನಿಂದ ಬಿಡಿಸಿ ಹೊಸ ಸಾಲುಗಳಾಗಿ ಜೋಡಿಸಿದರು. ಟಾಮಸ್ ಹುಡ್ ಎಂಬ ಕವಿ ನೀರಿಗೆ ಬಿದ್ದು ಸತ್ತ ಹೆಣ್ಣೊಬ್ಬಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪದ್ಯ ಅವರಲ್ಲಿ ‘ದುಃಖಸೇತು’ವಾಯಿತು. ಮೂಲದ ಸಾಲುಗಳು ಗಿಡ್ಡ, ನಡೆ ನೆಗೆತದ್ದು. ಮೇಲ್ನೋಟಕ್ಕೆ ಶೋಕಕ್ಕೆ ಸಲ್ಲದ್ದು. ಅಂಥ ನಡೆಯಲ್ಲೂ ಮರುಕ ಹುಟ್ಟುತ್ತದೆ ಎಂಬುದನ್ನು ಕನ್ನಡ ಕವಿಗಳು ಆ ಹೊತ್ತಿಗೆ ಕಣ್ಣಾರೆ ಕಂಡರು.

ಇದರ ಅತ್ಯಂತ ಆಳವಾದ ಉದಾಹರಣೆ ಬೇಂದ್ರೆಯವರದು. ಮಗುವಿನ ಸಾವಿನ ಎದುರು ಹೆಂಡತಿ ತನ್ನನ್ನು ನೋಡುವ ನೋಟವನ್ನು ಕುರಿತ ಅವರ ಪದ್ಯವನ್ನು ಎಷ್ಟೋ ಜನ ಪ್ರೇಮಗೀತೆಯೆಂದು ಕೇಳಿದ್ದಾರೆ, ಹಾಡಿದ್ದಾರೆ. ಅದರ ಲಯ ಧಾರವಾಡದ ಜಾನಪದ ಹಾಡಿನದು, ಬಳುಕುವಂಥದು. ಆ ಬಳುಕನ್ನು ನಂಬಿದ ಕಿವಿ ಮೋಸಹೋಗುತ್ತದೆ. ಮಾತಿನ ಕಡೆ ಗಮನವಿಟ್ಟವರಿಗೆ ಎದೆ ಒಡೆಯುತ್ತದೆ. ಲಯಕ್ಕೂ ಅರ್ಥಕ್ಕೂ ನಡುವೆ ಇರುವ ಈ ಎಳೆದಾಟದಿಂದಲೇ ಅಲ್ಲಿನ ದುಃಖ ತಡೆಯಲಾರದಷ್ಟು ತೀವ್ರವಾಗುತ್ತದೆ. ಭಾವಕ್ಕೆ ತಕ್ಕ ಛಂದಸ್ಸು ಎಂಬ ಹಳೆಯ ಮಾತಿಗೆ ಇಲ್ಲಿ ಇನ್ನೊಂದು ಸತ್ಯ ಸೇರುತ್ತದೆ: ಭಾವಕ್ಕೆ ಎದುರು ನಿಂತ ಛಂದಸ್ಸೂ ಭಾವವನ್ನು ಹೇಳಬಲ್ಲದು.

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಬೇರೆ ದಿಕ್ಕಿಗೆ ಹೋಯಿತು. ಲಲಿತ ರಗಳೆಯ ಇಪ್ಪತ್ತು ಮಾತ್ರೆಯ ಸಾಲನ್ನು ಅಂತ್ಯಪ್ರಾಸದಿಂದ ಬಿಡಿಸಿ, ವಾಕ್ಯ ಸಾಲಿನಿಂದ ಸಾಲಿಗೆ ಉರುಳುವ ಹಾಗೆ ಮಾಡಿದ ಆ ಮಹಾಛಂದಸ್ಸಿನಲ್ಲಿ ಒಂದೊಂದು ಉಪಮೆ ಹತ್ತಾರು ಸಾಲು ಹಬ್ಬುತ್ತದೆ. ಓದುವವನ ಉಸಿರು ನೀಳವಾಗಲೇಬೇಕು. ಆ ನೀಳ ಉಸಿರೇ ಕಾವ್ಯದ ಭವ್ಯತೆಗೆ ಅರ್ಧ ಕಾರಣ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ದ (1959) ಹೊತ್ತಿಗೆ ಮುಕ್ತಛಂದ ಬಂತು. ಛಂದಸ್ಸು ಸತ್ತಿತು ಎಂದು ಕೆಲವರು ಅಂದುಕೊಂಡರು. ಅಡಿಗರನ್ನು ಗಟ್ಟಿಯಾಗಿ ಓದಿದರೆ ಹಳೆಯ ಮಾತ್ರಾಲಯ ತಲೆಯೆತ್ತುವುದೂ, ಕಹಿಯ ಮಾತೊಂದು ಬಂದಾಗ ಅದು ಬೇಕೆಂದೇ ಕುಸಿಯುವುದೂ ಕೇಳಿಸುತ್ತದೆ. ಕಿವಿಯಲ್ಲಿ ಲಯದ ನಿರೀಕ್ಷೆ ಇಲ್ಲದವನಿಗೆ ಈ ಕುಸಿತದ ನೋವು ತಿಳಿಯದು.

ಸುಗಮ ಸಂಗೀತದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರಿಂದ ಕನ್ನಡ ಕವಿತೆ ಮನೆಮನೆಗೆ ಹೋಯಿತು, ಆ ಋಣ ದೊಡ್ಡದು. ಆದರೆ ಒಂದು ಧಾಟಿ ಜನಪ್ರಿಯವಾದ ಮೇಲೆ ಪದ್ಯದ ಭಾವವೂ ಅದರೊಂದಿಗೆ ಹೆಪ್ಪುಗಟ್ಟುತ್ತದೆ. ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯೋ ಅಶ್ವಥ್ ಅವರ ಧಾಟಿಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ನಿಗದಿ ಮಾಡಿತು. ಕುವೆಂಪು ಅವರ ಪದಗಳು ಅವೇ, ಮಾತ್ರೆಗಳು ಅವೇ. ಎರಡು ಧಾಟಿಗಳಲ್ಲಿ ಎರಡು ಮನೋಧರ್ಮಗಳು ಕೇಳಿಸಿದ್ದರಿಂದಲೇ ಜನ ಅಷ್ಟು ವಾದ ಮಾಡಿದರು.

ಹಾಗಾದರೆ ಪದ್ಯವೊಂದನ್ನು ಕೈಗೆ ಎತ್ತಿಕೊಂಡಾಗ ಏನು ಮಾಡಬೇಕು? ಮೊದಲು ಗಟ್ಟಿಯಾಗಿ ಓದಬೇಕು, ಅರ್ಥ ತಿಳಿಯದಿದ್ದರೂ ಸರಿ. ನಡೆ ಯಾವುದೆಂದು ಕಿವಿ ಹೇಳಿದ ಮೇಲೆ ಪ್ರಸ್ತಾರ ಹಾಕಿ ಖಚಿತಪಡಿಸಿಕೊಳ್ಳಬಹುದು. ಪ್ರಸ್ತಾರ ಬೇಡವೆಂದು ನಾನು ಹೇಳುತ್ತಿಲ್ಲ, ಅದಿಲ್ಲದೆ ಮುಂದಿನ ಹೆಜ್ಜೆಯೇ ಇಲ್ಲ. ಆಮೇಲೆ ವಾಕ್ಯ ಎಲ್ಲಿ ನಿಲ್ಲುತ್ತದೆ, ಸಾಲು ಎಲ್ಲಿ ನಿಲ್ಲುತ್ತದೆ, ಎರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ಗುರುತಿಸಬೇಕು. ಭಾವ ಬಹುಪಾಲು ಈ ಅಗಲಿಕೆಯಲ್ಲೇ ಸಿಗುತ್ತದೆ. ಇದೇ ಛಂದಸ್ಸನ್ನು ಇನ್ನೊಬ್ಬ ಕವಿ ಬೇರೆ ಭಾವಕ್ಕೆ ಬಳಸಿದ ಪದ್ಯವೊಂದನ್ನು ಪಕ್ಕದಲ್ಲಿಟ್ಟು ಓದಿದರೆ ಇವನು ಮಾಡಿದ್ದೇನು ಎಂಬುದು ತಾನಾಗಿ ಕಾಣುತ್ತದೆ.

ಕನ್ನಡ ಕಲಿಸುವ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ. ಪ್ರಸ್ತಾರದ ಪ್ರಶ್ನೆಯನ್ನು ಉಳಿಸಿಕೊಳ್ಳಿ. ಅದರ ಕೆಳಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಈ ನಡೆಯಿಂದ ಈ ಪದ್ಯದ ಭಾವಕ್ಕೆ ಏನಾಯಿತು? ಮಕ್ಕಳು ಬರೆಯುವ ಮೊದಲು ಪದ್ಯವನ್ನು ತರಗತಿಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಸಿ.